ವ್ಯಾನಿನೊಳಗಿನ ಕಳ್ಳ

ದೀಪ ಉರಿಯುತ್ತಿಲ್ಲ ಎಂದು ಗಾಡಿ ತರುವವರು ಹಿಂದೆ ಹೆಚ್ಚಿದ್ದರು. ಈಗೀಗ ದೀಪ ಆರುತ್ತಿಲ್ಲ ಎಂದು ತರುವವರೇ ಹೆಚ್ಚು. ಹಾಡುಹಗಲಲ್ಲೂ ಹೊತ್ತಿಕೊಂಡೇ ಇರುವ ಮುಂದಿನ ದೀಪ, ಬಾಗಿಲು ಹಾಕಿದ ಮೇಲೂ ಒಳಗೆ ಮಿಣುಕುವ ದೀಪ, ಬೆಲ್ಟ್ ಹಾಕಿಕೊಳ್ಳುವ ತನಕ ಅತ್ತೆಯ ಹಾಗೆ ಗೊಣಗುವ ಗಂಟೆ, ಗಾಡಿ ಹಿಂದಕ್ಕೆ ತೆಗೆದರೆ ಇಡೀ ಬೀದಿಯನ್ನು ಎಬ್ಬಿಸುವ ಪೀಂ ಪೀಂ. ಕೊಳ್ಳುವಾಗ ಇವೆಲ್ಲ ಇವೆಯೇ ಎಂದು ಕೇಳಿ ಕೇಳಿ ಕೊಳ್ಳುತ್ತಾರೆ. ಹೊಸತನ ಹಳತಾಗುವಷ್ಟರಲ್ಲಿ ಇವುಗಳ ಬಾಯಿ ಮುಚ್ಚಿಸಿಕೊಡಿ ಎಂದು ಕಿಡಿಯ ಅಂಗಡಿಯ ಮುಂದೆ ಬಂದು ನಿಲ್ಲುತ್ತಾರೆ. ಕಿಡಿ ಎಲ್ಲವನ್ನೂ ಸುಮ್ಮನಾಗಿಸಿ ಕೊಡುತ್ತಾಳೆ, ಬೆಲ್ಟಿನ ಗಂಟೆಯೊಂದನ್ನು ಬಿಟ್ಟು. "ಬೆಲ್ಟ್ ಹಾಕ್ಕೊಳ್ಳಿ, ಅದೇ ಸುಮ್ಮನಾಗುತ್ತೆ. ಅದಕ್ಕೆ ನಾನ್ಯಾಕೆ?" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಾಳೆ. ಆ ಮಾತು ಅವಳದಲ್ಲ, ಅವಳ ಅಪ್ಪನದು.

ಅಂಗಡಿಯೂ ಅಪ್ಪನದೇ. ಕಿಡಿ ಎಂಬ ಅಡ್ಡಹೆಸರೂ ಅಪ್ಪ ಇಟ್ಟದ್ದೇ. ಚಿಕ್ಕವಳಿದ್ದಾಗ ಬ್ಯಾಟರಿಯ ಎರಡು ತಲೆಗೂ ಒಂದೇ ಸ್ಪ್ಯಾನರ್ ತಾಗಿಸಿ, ಎದ್ದ ಕಿಡಿಗೆ ಹೆದರಿ ಅಳುವ ಬದಲು ಇನ್ನೊಂದು ಸಲ ತಾಗಿಸಲು ಹೋದವಳು ಅವಳು. ಅಂದಿನಿಂದ ಮನೆಯವರಿಗೂ ಗಿರಾಕಿಗಳಿಗೂ ಅವಳು ಕಿಡಿಯೇ. ಅಪ್ಪ ಆ ವೃತ್ತಿಯಲ್ಲಿ ಕೈ ಪಳಗಿದವನು. ಮುಂದೆ ಅಂಗಡಿ, ಹಿಂದೆ ಮನೆ, ಪಕ್ಕದ ಅಂಗಳದಲ್ಲಿ ತಗಡಿನ ಸೂರಿನ ಕೆಳಗೆ ಅವನ ಬಿಳಿಯ ವ್ಯಾನು. ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳ ಬಳಿಗೆ ಅವನು ಆ ವ್ಯಾನಿನಲ್ಲೇ ಹೋಗುತ್ತಿದ್ದ. ಮನೆಯಲ್ಲಿರುವುದಕ್ಕಿಂತ ಅದರ ಹೊಟ್ಟೆಯಲ್ಲಿ ಇದ್ದುದೇ ಹೆಚ್ಚು ಎಂದು ಅಮ್ಮ ಅದಕ್ಕೆ ಸವತಿ ಎಂದೇ ಹೆಸರಿಟ್ಟಿದ್ದಳು. "ನಿನ್ನ ಸವತಿಗೆ ಸ್ನಾನ ಮಾಡಿಸಲಾ?" ಎಂದು ಅಪ್ಪ ಬಕೆಟ್ಟು ಹಿಡಿದು ಕೇಳುತ್ತಿದ್ದ. "ಅವಳಿಗಾಗಲಿ, ನನ್ನ ಬೆನ್ನು ತಿಕ್ಕೋಕೆ ಯಾರಿದಾರೆ?" ಎಂದು ಅಮ್ಮ ಒಳಗಿನಿಂದಲೇ ಮೂದಲಿಸುತ್ತಿದ್ದಳು.

ಕಿಡಿ ಕೆಲಸ ಕಲಿತದ್ದು ಆ ವ್ಯಾನಿನಲ್ಲೇ, ಅದೂ ಆಟವಾಡುತ್ತ. ರಜೆಯ ದಿನ ಬೆಳಿಗ್ಗೆ ಅಪ್ಪ ಗಾಡಿಯೊಳಗೆ ಎಲ್ಲೋ ಒಂದು ದೋಷವನ್ನು ಅಡಗಿಸಿಡುತ್ತಿದ್ದ. ಒಂದು ಫ್ಯೂಸ್ ಕಿತ್ತಿರುತ್ತಿದ್ದ, ಒಂದು ಬಲ್ಬಿನ ಬುಡಕ್ಕೆ ಕಾಗದದ ಚೂರು ಸಿಕ್ಕಿಸಿರುತ್ತಿದ್ದ. ಗಾಡಿಯ ಕಬ್ಬಿಣಕ್ಕೆ ಬಿಗಿದ ತಂತಿಯ ತುದಿಗೆ ಅಮ್ಮನ ಉಗುರುಬಣ್ಣ ಬಳಿದು ಕರೆಂಟಿನ ದಾರಿ ಮುಚ್ಚಿದ್ದೂ ಉಂಟು. ಆ ದೋಷಕ್ಕೆ ಅಪ್ಪ ಕಳ್ಳ ಎನ್ನುತ್ತಿದ್ದ. ಕಳ್ಳನನ್ನು ಹಿಡಿಯದೆ ಊಟವಿಲ್ಲ ಎಂಬುದು ಆಟದ ನಿಯಮ. ಹಿಡಿಯಲು ಅವಳ ಕೈಗೆ ಅವನ ಟೆಸ್ಟ್ ಲ್ಯಾಂಪ್ ಕೊಡುತ್ತಿದ್ದ. ಸ್ಕ್ರೂಡ್ರೈವರಿನಂಥ ಹಿಡಿ, ಅದರ ಹೊಟ್ಟೆಯಲ್ಲಿ ಪುಟ್ಟ ಬಲ್ಬು, ಮುಂದೆ ಸೂಜಿ, ಹಿಂದೆ ಬಾಲದ ಹಾಗೆ ಒಂದು ತಂತಿ ಮತ್ತು ಕ್ಲಿಪ್ಪು. ಕ್ಲಿಪ್ಪನ್ನು ಗಾಡಿಯ ಕಬ್ಬಿಣಕ್ಕೆ ಕಚ್ಚಿಸಿ ಸೂಜಿಯನ್ನು ತಂತಿಗೆ ಮುಟ್ಟಿಸಿದಾಗ ಕರೆಂಟ್ ಇದ್ದರೆ ಬಲ್ಬು ಹತ್ತುತ್ತದೆ, ಇಲ್ಲದಿದ್ದರೆ ಇಲ್ಲ. "ಕಣ್ಣು ನಂಬಬೇಡ, ಕೈ ನಂಬಬೇಡ, ಇದನ್ನ ನಂಬು" ಎನ್ನುತ್ತಿದ್ದ.

ಹುಡುಕಿ ಹುಡುಕಿ ಸೋತು ಅವಳು "ಇಲ್ಲ ಅಪ್ಪ, ಇವತ್ತು ಕಳ್ಳನೇ ಇಲ್ಲ" ಎಂದು ಬಂದರೆ ಅಪ್ಪ ತಕ್ಷಣ ಉತ್ತರ ಕೊಡುತ್ತಿರಲಿಲ್ಲ. ಎದ್ದು, ಗಾಜು ಒರೆಸುವ ನೆಪದಲ್ಲಿ ವ್ಯಾನನ್ನು ಒಂದು ಸುತ್ತು ಹಾಕಿ, ಆಮೇಲೆ ಬಂದು ಹೇಳುತ್ತಿದ್ದ: "ಕಳ್ಳ ಇದಾನೆ. ಇನ್ನೊಂದು ಸಲ ನೋಡು." ಆ ಸುತ್ತು ಯಾಕೆಂದು ಅವಳಿಗೆ ತಿಳಿದದ್ದು ದೊಡ್ಡವಳಾದ ಮೇಲೆ. "ಇಟ್ಟವನು ಮೊದಲು ನೋಡ್ಕೋಬೇಕು ಕಿಡಿ, ಇಟ್ಟದ್ದು ಇಟ್ಟಲ್ಲೇ ಇದೆಯಾ ಅಂತ. ಇಲ್ಲದ ಕಳ್ಳನ್ನ ಹುಡುಕು ಅಂತ ಯಾರನ್ನೂ ಕಳಿಸಬಾರದು. ಅವರು ತಮ್ಮನ್ನೇ ಅನುಮಾನಿಸೋಕೆ ಶುರು ಮಾಡ್ತಾರೆ" ಎಂದು ಅಪ್ಪ ಹೇಳಿದ್ದ. ಅವಳು ಹೂಂ ಎಂದಿದ್ದಳು.

ಅಂಥ ಅಪ್ಪನಿಗೆ ಮರೆವು ಬಂತು. ಮೊದಲು ಸ್ಪ್ಯಾನರ್ ಎಲ್ಲಿಟ್ಟೆ ಎಂಬುದು ಮರೆಯಿತು, ಅದು ಎಲ್ಲರಿಗೂ ಮರೆಯುವಂಥದ್ದೇ. ಆಮೇಲೆ ಗಿರಾಕಿಗಳ ಮುಖ, ಆಮೇಲೆ ಊಟ ಮಾಡಿದೆನೋ ಇಲ್ಲವೋ ಎಂಬುದು. ವೈದ್ಯರು ಇದು ಹಿಂದಕ್ಕೆ ತಿರುಗುವ ದಾರಿಯಲ್ಲ ಎಂದರು. ಅಮ್ಮ ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವಳ ಹಾಗೆ ಔಷಧದ ಹೊತ್ತು ಕೇಳಿ ತಿಳಿದುಕೊಂಡು ಮನೆಗೆ ಬಂದಳು.

ವ್ಯಾನಿನ ವಿಷಯ ಬಂದದ್ದು ಅದಾದ ಮೇಲೆ. ಒಂದು ಬೆಳಿಗ್ಗೆ ಅಪ್ಪ ಯಾರಿಗೂ ಹೇಳದೆ ವ್ಯಾನು ತೆಗೆದುಕೊಂಡು ಹೋದ. ಯಾವಾಗಲೋ ಒಡೆದುಹಾಕಿದ್ದ ಲಾರಿ ಶೆಡ್ಡನ್ನು ಹುಡುಕುತ್ತ, ಎದುರಿನಿಂದ ಗಾಡಿಗಳು ಬರುವ ಬದಿಯಲ್ಲೇ ನುಗ್ಗಿ ನಾಲ್ಕು ದಾರಿ ಸೇರುವಲ್ಲಿ ನಿಂತುಬಿಟ್ಟ. ತಳ್ಳುಗಾಡಿಯ ಹೆಂಗಸೊಬ್ಬಳು ಪಕ್ಕಕ್ಕೆ ಹಾರದಿದ್ದರೆ ಆಕೆಯ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಕಿಡಿ ಓಡಿಹೋದಾಗ ಅಪ್ಪ ಸ್ಟಿಯರಿಂಗ್ ಹಿಡಿದುಕೊಂಡು ಕುಳಿತಿದ್ದ. ನಾಲ್ಕೂ ಮೂಲೆಯ ದೀಪಗಳನ್ನು ಮಿನುಗಿಸಿಟ್ಟಿದ್ದ. ಅಪಾಯದಲ್ಲಿರುವ ಗಾಡಿಗೆ ಅವನ್ನು ಹಾಕಬೇಕೆಂಬುದು ಮಾತ್ರ ಅವನಿಗೆ ನೆನಪಿತ್ತು.

ಅಂದು ಅಣ್ಣ ಪಟ್ಟು ಹಿಡಿದ. ಅಣ್ಣ ಬಸ್ ಕಂಡಕ್ಟರ್, ಪಕ್ಕದ ಬೀದಿಯಲ್ಲೇ ಮನೆ. ದಿನಾ ಕೆಲಸಕ್ಕೆ ಹೋಗುವ ಮುಂಚೆ ಬಂದು ಅಪ್ಪನ ಗಡ್ಡ ಬೋಳಿಸಿ ಹೋಗುವವನು. ಅವನಷ್ಟು ಒಪ್ಪ ಓರಣದ ಮನುಷ್ಯ ಇನ್ನೊಬ್ಬನಿಲ್ಲ. ಗೋಡೆಯ ಮೇಲೆ ಪಟ ಸೊಟ್ಟಗಿದ್ದರೆ ಅವನಿಗೆ ಮಾತು ಮುಂದೆ ಹೋಗುವುದಿಲ್ಲ. ಬಸ್ಸಿನಲ್ಲಿ ಗುರುತಿಲ್ಲದವರ ಕಾಲರ್ ಮಡಚಿಕೊಂಡಿದ್ದರೂ ಸರಿ ಮಾಡಿ ಟಿಕೆಟ್ ಕೊಡುವವನು.

"ಗಾಡಿ ಮಾರಿಬಿಡು" ಎಂದ. "ಇವತ್ತು ದೇವರು ದೊಡ್ಡವನು. ದಿನಾ ದೊಡ್ಡವನಾಗೇ ಇರ್ತಾನೆ ಅಂತ ಏನು ಗ್ಯಾರಂಟಿ?"

"ಮಾರಿದ ದಿನವೇ ಅಪ್ಪ ಮಲಗಿಬಿಡ್ತಾನೆ" ಎಂದಳು ಕಿಡಿ. "ಗಾಡಿ ಇರಲಿ. ಓಡದ ಹಾಗೆ ನಾನು ಮಾಡ್ತೀನಿ."

"ಅವನು ಓಡೋ ಹಾಗೆ ಮಾಡ್ಕೋತಾನೆ" ಎಂದು ಅಮ್ಮ ಮೂಗು ಮುರಿದಳು. "ನಿನಗೆ ವಿದ್ಯೆ ಕಲಿಸಿದವನು ಯಾರು, ಪಕ್ಕದ ಮನೆಯವನಾ?"

ಅಮ್ಮ ಹೇಳಿದ್ದೇ ಆಯಿತು. ಕಿಡಿ ಕೀಲಿ ಬಚ್ಚಿಟ್ಟಳು, ಅಪ್ಪ ಕೀಲಿಯ ಹಿಂದಿನ ತಂತಿಗಳನ್ನೇ ಒಂದಕ್ಕೊಂದು ತಾಗಿಸಿ ಎಂಜಿನ್ ಹೊರಡಿಸಿದ. ಬ್ಯಾಟರಿಯ ತಂತಿ ಬಿಚ್ಚಿದಳು, ಅಪ್ಪ ನಗುತ್ತ ಬಿಗಿದ. ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನ ಫ್ಯೂಸ್ ಕಿತ್ತು ತನ್ನ ಜೇಬಿನಲ್ಲಿಟ್ಟುಕೊಂಡಳು, ಅಪ್ಪ ಹಾರ್ನಿನ ಫ್ಯೂಸನ್ನು ತೆಗೆದು ಅಲ್ಲಿಗೆ ಹಾಕಿ ಬೀದಿಯ ತುದಿಯವರೆಗೆ ಹೋಗಿ ಬಂದ. ಅವಳ ಜೀವ ಬಾಯಿಗೆ ಬಂದಿತ್ತು. ಅವನೋ ಹಾಲು ಕುಡಿದಷ್ಟು ಸಂತೋಷದಲ್ಲಿ ಇಳಿದು ಬಂದು, "ಹಾರ್ನ್ ಇಲ್ಲದೆ ಹೋಗಿಬಂದೆ, ಯಾರಿಗೂ ಹೇಳಬೇಡ" ಎಂದು ಅವಳ ಕಿವಿಯಲ್ಲಿ ಹೇಳಿದ. ಮಗಳು ಯಾರು, ಗಿರಾಕಿ ಯಾರು ಎಂದು ಗೊತ್ತಾಗದ ದಿನವೂ ಕರೆಂಟ್ ಎಲ್ಲಿ ನಿಂತಿದೆ ಎಂದು ಅವನ ಬೆರಳಿಗೆ ಗೊತ್ತಾಗುತ್ತಿತ್ತು.

ತಂತಿಯ ದಾರಿ ಹಿಡಿದು ಹೋಗುವವನ ಕಣ್ಣಿಗೆ ಮಣ್ಣೆರಚುವುದು ಹೇಗೆಂದು ಕಿಡಿ ತಲೆ ಕೆಡಿಸಿಕೊಂಡು ಕುಳಿತಳು. ಕೊನೆಗೆ ಹೊಳೆಯಿತು. ಅಪ್ಪ ಎಲ್ಲರ ಕೆಲಸವನ್ನೂ ಅನುಮಾನಿಸುತ್ತಿದ್ದ, ತನ್ನದೊಂದನ್ನು ಬಿಟ್ಟು. ತಂತಿಗೆ ತಂತಿ ಸೇರಿಸಿದ ಮೇಲೆ ಅವನು ಟೇಪ್ ಸುತ್ತುವ ರೀತಿಯೇ ಬೇರೆ. ಎಡಕ್ಕೆ ಓರೆಯಾಗಿ ಸುತ್ತಿಕೊಂಡು ಹೋಗಿ, ಅದೇ ದಾರಿಯಲ್ಲಿ ಬಲಕ್ಕೆ ವಾಪಸ್ಸು ಬಂದು, ತುದಿಯನ್ನು ಮುಂದೆ ಬಿಚ್ಚುವವರಿಗೆ ಸುಲಭವಾಗಲಿ ಎಂದು ಚಿಕ್ಕದಾಗಿ ಮಡಚಿ ಬಿಡುತ್ತಿದ್ದ. ಆ ಮಡಿಕೆ ಕೈಗೆ ಸಿಕ್ಕಿದರೆ ಸಾಕು, "ಇದು ನಂದು, ಇದು ಸರಿ ಇರುತ್ತೆ" ಎಂದು ಮುಂದೆ ಹೋಗುತ್ತಿದ್ದ. ಅದೇ ಸುತ್ತು, ಅದೇ ಮಡಿಕೆ ಕಿಡಿಯ ಕೈಗೂ ಇಳಿದಿತ್ತು. ಅವಳು ಕೀಲಿಯಿಂದ ಸ್ಟಾರ್ಟರಿಗೆ ಹೋಗುವ ತಂತಿಯನ್ನು ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಕತ್ತರಿಸಿದಳು. ಎರಡು ತುದಿಗಳ ನಡುವೆ ರಬ್ಬರಿನ ಚೂರಿಟ್ಟು, ಮೇಲೆ ಅಪ್ಪನ ಹಾಗೆಯೇ ಟೇಪ್ ಸುತ್ತಿ, ತುದಿ ಮಡಚಿದಳು. ಹೊರಗಿನಿಂದ ನೋಡಿದರೆ ಅಪ್ಪನೇ ಎಂದೋ ಹಾಕಿದ ಜಾಯಿಂಟ್. ಒಳಗೆ ತಂತಿ ಸೇರಿರಲಿಲ್ಲ.

ಅಪ್ಪ ಆ ತಂತಿಯ ಮೇಲೆ ಬೆರಳಾಡಿಸಿ ಮಡಿಕೆಯನ್ನು ಮುಟ್ಟಿದ. ಅವಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. "ಇದು ನಂದು" ಎಂದು ಮುಂದೆ ಹೋದ. ಸಂಜೆಯ ಹೊತ್ತಿಗೆ ಸ್ಟಾರ್ಟರ್ ಮೋಟರೇ ಸುಟ್ಟಿರಬೇಕೆಂದು ತೀರ್ಮಾನ ಮಾಡಿದ. "ಹೊಸದು ತರಿಸ್ತೀನಿ ಅಪ್ಪ" ಎಂದಳು ಕಿಡಿ. "ತರಿಸು" ಎಂದ. ಮರುದಿನವೂ ಅದೇ ಮಾತಾಯಿತು, ಅದರ ಮರುದಿನವೂ. ಗೆದ್ದವಳಿಗೆ ಗೆದ್ದ ಸಂತೋಷವೇನೂ ಇರಲಿಲ್ಲ. ಹೆತ್ತವನ ನಂಬಿಕೆಯ ಬೆನ್ನ ಹಿಂದೆ ಅಡಗಿ ಕುಳಿತ ಹಾಗಿತ್ತು ಅವಳಿಗೆ.

ಆದರೆ ಗಾಡಿ ಓಡದಾದ ಮೇಲೆ ಅಪ್ಪ ಮಂಕಾದ. ಕುರ್ಚಿಯಲ್ಲಿ ಕುಳಿತು ಅಂಗಿಯ ಗುಂಡಿಯನ್ನು ತಿರುಗಿಸುತ್ತ, ಬಾಗಿಲ ಕಡೆಗೂ ನೋಡದೆ ಇರತೊಡಗಿದ. ಅದನ್ನು ನೋಡಲಾರದೆ ಒಂದು ದಿನ ಕಿಡಿ ವ್ಯಾನಿನ ಹೆಡ್‌ಲೈಟಿನ ಫ್ಯೂಸ್ ಕಿತ್ತು, ಟೆಸ್ಟ್ ಲ್ಯಾಂಪನ್ನು ಅವನ ಕೈಗಿಟ್ಟು, "ಅಪ್ಪ, ಗಾಡಿಯೊಳಗೆ ಕಳ್ಳ ಹೊಕ್ಕಿದಾನೆ" ಎಂದಳು.

ಅಪ್ಪ ತಲೆ ಎತ್ತಿದ. ಲ್ಯಾಂಪನ್ನು ಕೈಯಲ್ಲಿ ತಿರುವಿ ನೋಡಿದ. ಮೊದಲು ಬ್ಯಾಟರಿಗೇ ಮುಟ್ಟಿಸಿ ಲ್ಯಾಂಪು ತಾನು ಸರಿಯಾಗಿದೆಯೇ ಎಂದು ನೋಡಿಕೊಂಡ. ಎಂದಿನಂತೆ ಅಲ್ಲಿಂದ ಹೊರಟು ಫ್ಯೂಸಿನ ಪೆಟ್ಟಿಗೆಗೆ ಬಂದು ಖಾಲಿ ಜಾಗಕ್ಕೆ ಸೂಜಿ ಊರಿ, "ಸಿಕ್ಕಿಬಿದ್ದ ನನ್ಮಗ" ಎಂದು ಕೂಗಿದ. ಅಮ್ಮ ಒಳಗಿನಿಂದ ಓಡಿ ಬಂದಳು. ಅವನ ಮುಖ ನೋಡಿ, ಏನೂ ಕೇಳದೆ, ಸೆರಗಿನಿಂದ ಕಣ್ಣೊರೆಸಿಕೊಂಡು ತಟ್ಟೆ ಹಾಕಲು ಹೋದಳು. ಅಂದು ಅವನು ಕೇಳಿ ಹಾಕಿಸಿಕೊಂಡು ಉಂಡ. "ಕಿಡಿ, ನೀನೂ ಕೂತ್ಕೋ" ಎಂದ. ಹೆಸರು ಹಿಡಿದು ಕರೆದು ಎಷ್ಟೋ ಕಾಲವಾಗಿತ್ತು.

ಹಾಗೆ ಆಟ ಮತ್ತೆ ಶುರುವಾಯಿತು, ಆಡುವವರ ಜಾಗ ಮಾತ್ರ ಅದಲುಬದಲು. ದಿನಾ ಅಂಗಡಿ ತೆರೆಯುವ ಮುಂಚೆ ಕಿಡಿ ಒಬ್ಬ ಕಳ್ಳನನ್ನು ಕೂರಿಸುತ್ತಿದ್ದಳು, ಊಟದ ಹೊತ್ತಿಗೆ ಅಪ್ಪ ಹಿಡಿಯುತ್ತಿದ್ದ. ಕಳ್ಳನನ್ನು ಹಿಡಿದ ಮೇಲಿನ ಒಂದಿಷ್ಟು ಹೊತ್ತು ಅಪ್ಪ ಅಪ್ಪನಾಗಿಯೇ ಇರುತ್ತಿದ್ದ. ಅಮ್ಮನನ್ನು ರೇಗಿಸುತ್ತಿದ್ದ, ಅಂಗಡಿಗೆ ಬಂದವರಿಗೆ ಬೆಲ್ಟ್ ಹಾಕಿಕೊಳ್ಳಿ ಎಂದು ಗದರುತ್ತಿದ್ದ. ಕಿಡಿಗೆ ಬೇಕಿದ್ದದ್ದು ಅಷ್ಟೇ. ಆ ಹೊತ್ತು ತಪ್ಪದಂತೆ ನೋಡಿಕೊಳ್ಳುವುದಕ್ಕಾಗಿಯೇ ಅವಳು ಬೆಳಗಾಗೇಳುತ್ತಿದ್ದಳು.

ದಿನ ಕಳೆದಂತೆ ಕಳ್ಳನನ್ನು ಸುಲಭಕ್ಕೆ ಸಿಗುವಲ್ಲಿ ಕೂರಿಸಬೇಕಾಯಿತು. ಉಗುರುಬಣ್ಣದ ಕಳ್ಳ ಅಪ್ಪನಿಗೆ ಸಿಗದಾದಾಗ ಅವಳು ಕಾಗದದ ಚೂರಿಗೆ ಇಳಿದಳು, ಕಾಗದವೂ ಕಷ್ಟವಾದಾಗ ಫ್ಯೂಸಿಗೆ ಬಂದಳು. ಕೊನೆಕೊನೆಗೆ ಹಿಂದಿನ ದೀಪದಿಂದ ಒಂದು ತಂತಿಯನ್ನು ಎಳೆದು, ಬಾಗಿಲು ತೆರೆದರೆ ಕಣ್ಣಿಗೆ ಹೊಡೆಯುವಂತೆ ಹೊರಗೆ ಜೋತುಬಿಡುತ್ತಿದ್ದಳು. ಅಷ್ಟಕ್ಕೂ ಅಪ್ಪ ಬೆಳಗಿನಿಂದ ಒದ್ದಾಡಿ ಹಿಡಿಯುತ್ತಿದ್ದ. ಹಿಡಿದಾಗಿನ ಹಿಗ್ಗು ಮಾತ್ರ ಹಾಗೆಯೇ ಇತ್ತು. ಇದಕ್ಕಿಂತ ಸುಲಭವಾದದ್ದು ಇನ್ನೇನಿದೆ ಎಂದು ಯೋಚಿಸಿದರೆ ಅವಳಿಗೆ ಏನೂ ಹೊಳೆಯುತ್ತಿರಲಿಲ್ಲ.

ಆ ದಿನ ಬಲಗಡೆಯ ಹಿಂದಿನ ದೀಪದ ತಂತಿ ಎಳೆದುಬಿಟ್ಟು ಕಿಡಿ ಅಂಗಡಿಗೆ ಬಂದಳು. ಟೈಲರ್ ಒಬ್ಬರ ಕಾರು ಕಾಯುತ್ತಿತ್ತು. ಒಳಗಿನ ದೀಪ ಆರದೆ ಬ್ಯಾಟರಿಯನ್ನು ಕುಡಿದು ಬರಿದು ಮಾಡುತ್ತಿದೆಯೆಂದು ಆ ಮನುಷ್ಯ ಸ್ಟೂಲಿನ ಮೇಲೆ ಕುಳಿತು ತನ್ನ ಕಷ್ಟವನ್ನೆಲ್ಲ ತೋಡಿಕೊಳ್ಳುತ್ತಿದ್ದರು. ಬಾಗಿಲು ಹಾಕಿದಾಗ ಒತ್ತಿಕೊಂಡು ದೀಪ ಆರಿಸುವ ಸಂದಿಯ ಗುಂಡಿಯಲ್ಲಿ ತೊಂದರೆಯಿರಬೇಕೆಂದು ಅವಳು ನೋಡಿದರೆ, ನಾಲ್ಕೂ ಬಾಗಿಲ ಗುಂಡಿಗಳು ಸರಿಯಾಗಿದ್ದವು. ಅವಳು ಸೀಟಿನಡಿಗೆ ತಲೆ ಹಾಕಿ, ಕಾಲು ಹೊರಗೆ ಚಾಚಿಕೊಂಡು ತಂತಿಯ ಬೆನ್ನು ಹತ್ತಿದ್ದಳು.

ಆಗ ಅಪ್ಪ ಬಂದು ಅವಳ ಕಾಲ ಬಳಿ ನಿಂತ.

"ಕಿಡಿ, ಇವತ್ತು ಕಳ್ಳ ಇಲ್ಲ. ದೀಪಗಳೆಲ್ಲ ಸರಿಯಾಗಿವೆ."

ಜೋತಾಡುವ ತಂತಿಯೂ ಕಾಣದ ಹಾಗಾಯಿತೇ? ಅಷ್ಟು ಬೇಗ ಬಂದೇಬಿಟ್ಟಿತೇ ಆ ದಿನ? ತಾನೇ ತನ್ನ ಕೈಯಾರೆ ಎಳೆದುಬಿಟ್ಟು ಬಂದ ತಂತಿ ಅದು. ಅದರಲ್ಲಿ ಅವಳಿಗೆ ಅನುಮಾನವೇ ಹುಟ್ಟಲಿಲ್ಲ. ಸೀಟಿನಡಿಯಿಂದ ತಲೆಯನ್ನೂ ಹೊರಗೆ ತೆಗೆಯದೆ, ಧ್ವನಿಯಲ್ಲಿ ಹೇಗೋ ನಗು ತಂದುಕೊಂಡು ಹೇಳಿದಳು:

"ಕಳ್ಳ ಇದಾನೆ ಅಪ್ಪ. ಇನ್ನೊಂದು ಸಲ ನೋಡು."

ಅಪ್ಪ ಹೋದ. ಸ್ವಲ್ಪ ಹೊತ್ತಿಗೆ ಮತ್ತೆ ಬಂದ. "ಎಲ್ಲ ಹತ್ತುತ್ತಿದೆಯಲ್ಲ ಕಿಡಿ?"

"ಹಿಂದುಗಡೆ ನೋಡಿದ್ಯಾ?"

"ನೋಡಿದೆ."

"ಸರಿಯಾಗಿ ನೋಡು. ಇದಾನೆ ಅಲ್ಲೇ."

ಅಪ್ಪ ತನ್ನ ಲ್ಯಾಂಪನ್ನು ನೋಡಿಕೊಂಡ, ಅವಳ ಕಾಲನ್ನು ನೋಡಿದ. "ಇರಬೇಕು ಹಾಗಾದ್ರೆ" ಎಂದು ಹಿಂತಿರುಗಿದ.

ಆಮೇಲೆ ನಡೆದದ್ದನ್ನು ಅವಳಿಗೆ ಅಮ್ಮ ಹೇಳಬೇಕಾಯಿತು. ಅಪ್ಪ ಲ್ಯಾಂಪನ್ನೇ ಅನುಮಾನಿಸಿದನಂತೆ. ಬ್ಯಾಟರಿಗೆ ಮುಟ್ಟಿಸಿದರೆ ಹತ್ತುತ್ತಿತ್ತು, ಆದರೂ ಅದರ ಪುಟ್ಟ ಬಲ್ಬನ್ನು ಬದಲಾಯಿಸಿದ. ಆಮೇಲೆ ತನ್ನ ಕಣ್ಣನ್ನು ಅನುಮಾನಿಸಿದ. ಅಮ್ಮನನ್ನು ಕರೆದು ಬಲಗಡೆಯ ದೀಪದ ಮುಂದೆ ನಿಲ್ಲಿಸಿ, "ಇದು ಉರೀತಿದೆಯಾ?" ಎಂದು ಕೇಳಿದ. "ಉರೀತಿದೆಯಲ್ಲ" ಎಂದಳು ಅಮ್ಮ. "ನನ್ನ ಸಮಾಧಾನಕ್ಕೆ ಹೇಳಬೇಡ. ಕಿಡಿ ಇದಾನೆ ಅಂದಿದಾಳೆ. ಅವಳು ಸುಳ್ಳು ಹೇಳಲ್ಲ" ಎಂದ. ಅಮ್ಮ ಇದೂ ಆಟದ್ದೇ ಭಾಗವಿರಬೇಕೆಂದು ಒಳಗೆ ಹೋದಳು. ಊಟಕ್ಕೆ ಕರೆದರೆ ಬರಲಿಲ್ಲ. ಕಳ್ಳನನ್ನು ಹಿಡಿಯದೆ ಊಟವಿಲ್ಲ ಎಂಬ ನಿಯಮವನ್ನು ಅವನು ಮರೆತಿರಲಿಲ್ಲ.

ಅಮ್ಮ ಅಂಗಡಿಗೆ ಬಂದು, "ನಿಮ್ಮಪ್ಪ ಊಟಕ್ಕೆ ಏಳ್ತಿಲ್ಲ. ಆ ಕಳ್ಳನನ್ನ ತೋರಿಸಿಬಿಡಬಾರದಾ?" ಎಂದಳು.

ಕಿಡಿಗೂ ಹೋಗಿ ತೋರಿಸಿಬಿಡಬೇಕೆನ್ನಿಸಿತ್ತು. ಆದರೆ ತೋರಿಸಿಕೊಟ್ಟರೆ ಆಟ ಅಲ್ಲಿಗೆ ಮುಗಿಯಿತು. ನಾಳೆಯಿಂದ ದಿನಾ ತೋರಿಸಿಕೊಡಬೇಕಾಗುತ್ತದೆ. ತಾನೇ ಹಿಡಿಯಲಿ, ಇನ್ನೊಂದೇ ಒಂದು ದಿನ ತಾನೇ ಹಿಡಿಯಲಿ ಎಂಬ ಆಸೆ ಅವಳಿಗೆ. "ಇನ್ನು ಸ್ವಲ್ಪ ಹೊತ್ತು ನೋಡೋಣ ಅಮ್ಮ" ಎಂದಳು. ಆ ಸ್ವಲ್ಪ ಹೊತ್ತನ್ನು ಅವಳು ತನ್ನ ಬದುಕಿಡೀ ವಾಪಸ್ಸು ಕೇಳಿದರೂ ಯಾರೂ ಕೊಡುವುದಿಲ್ಲ.

ಟೈಲರ್ ಅವರ ಕಾರಿನ ತೊಂದರೆ ಡಿಕ್ಕಿಯ ಬಾಗಿಲ ಗುಂಡಿಯಲ್ಲಿತ್ತು. ಅದನ್ನು ಸರಿಮಾಡಿ, ದೀಪ ಆರಿದ್ದನ್ನು ಅವರಿಗೆ ತೋರಿಸಿ ಕಳಿಸಿ, ಕೈ ಒರೆಸಿಕೊಳ್ಳುತ್ತ ಅವಳು ಅಂಗಳಕ್ಕೆ ಬಂದಾಗ ಬಿಸಿಲು ಓರೆಯಾಗಿತ್ತು. ಅಂಗಳದ ತುಂಬ ವ್ಯಾನು ಹರಡಿಕೊಂಡಿತ್ತು. ಬಿಚ್ಚಿದ ದೀಪಗಳು, ಬಲ್ಬುಗಳು, ಫ್ಯೂಸುಗಳು, ಕಿತ್ತ ಪ್ಲಾಸ್ಟಿಕ್ ಹೊದಿಕೆಗಳು ಹಳೆಯ ಚಾದರದ ಮೇಲೆ ಸಾಲಾಗಿ ಮಲಗಿದ್ದವು. ಬಲಗಡೆಯ ಹಿಂದಿನ ದೀಪವೂ ಅಲ್ಲಿತ್ತು. ಅದನ್ನು ಎತ್ತಿ ನೋಡಿದಳು. ಅಪ್ಪ ದೀಪ ಕಿತ್ತಾಗ ತುಂಡಾದ ತಂತಿಯ ತುದಿ ದೀಪದ ಬುಡದಲ್ಲೇ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಬೆಳಿಗ್ಗೆ ಅವಳು ಎಳೆದುಬಿಟ್ಟ ತಂತಿಯನ್ನು ಯಾರೋ ಆಳದವರೆಗೆ ಒತ್ತಿ, ಒಪ್ಪವಾಗಿ ಕೂರಿಸಿದ್ದರು.

ಕಳ್ಳ ಇರಲೇ ಇಲ್ಲ. ಅಪ್ಪ ಬೆಳಿಗ್ಗೆ ಹೇಳಿದ್ದೇ ಸರಿ. ಇಟ್ಟವನು ಮೊದಲು ನೋಡಿಕೊಳ್ಳಬೇಕಿತ್ತು. ಸೀಟಿನಡಿಯಿಂದ ತಲೆ ಹೊರಗೆ ತೆಗೆದು ನಾಲ್ಕು ಹೆಜ್ಜೆ ನಡೆದಿದ್ದರೆ ಸಾಕಿತ್ತು.

"ಅಪ್ಪ!" ಎಂದು ಕೂಗಿ ಅವಳು ವ್ಯಾನಿನ ಮುಂಬಾಗಿಲಿಗೆ ಓಡಿದಳು. ಅಪ್ಪ ಕಾಲಿಡುವ ಜಾಗದಲ್ಲಿ ಮುದುಡಿ ಕುಳಿತಿದ್ದ. ಸುತ್ತ ಕರಿಯ ಟೇಪಿನ ಸುರುಳಿಗಳು ಬಿದ್ದಿದ್ದವು. ಬೇರೆಲ್ಲೂ ಕಳ್ಳ ಸಿಗದೆ ಕೊನೆಗೆ ಅವನು ಎಂದೂ ಮುಟ್ಟದ ಜಾಗಕ್ಕೆ ಕೈಹಾಕಿದ್ದ. ತನ್ನದೇ ಜಾಯಿಂಟುಗಳನ್ನು ಒಂದೊಂದಾಗಿ ಬಿಚ್ಚಿದ್ದ. ಅವನ ಒಂದು ಕೈಯಲ್ಲಿ ಸ್ಟಾರ್ಟರಿನ ತಂತಿಯ ಎರಡು ತುದಿಗಳಿದ್ದವು, ಇನ್ನೊಂದು ಕೈಯಲ್ಲಿ ರಬ್ಬರಿನ ಚೂರು.

"ಸಿಕ್ಕಿದ" ಎಂದ ಅಪ್ಪ. ಈ ಸಲ ಕೂಗಲಿಲ್ಲ. "ನಾನೇ ಕಿಡಿ. ಟೇಪ್ ನೋಡು, ಇದು ನನ್ನ ಸುತ್ತು. ಒಳಗೆ ತಂತಿ ಸೇರಿಸೇ ಇಲ್ಲ ನಾನು. ಹಾಗೇ ಸುತ್ತಿಬಿಟ್ಟಿದೀನಿ."

"ಅಲ್ಲ ಅಪ್ಪ. ಅದನ್ನ ಕತ್ತರಿಸಿದ್ದು ನಾನು. ನೀನು ಗಾಡಿ ತಗೊಂಡು ಹೋಗಬಾರದು ಅಂತ. ಸುತ್ತಿದ್ದೂ ನಾನೇ."

ಅಪ್ಪ ಅವಳ ಮುಖವನ್ನು ನೋಡಿದ. ಆ ನೋಟದಲ್ಲಿ ಕರುಣೆಯಿತ್ತು, ಅದೇ ಅವಳಿಗೆ ತಡೆಯಲಾಗಲಿಲ್ಲ. "ನನ್ನನ್ನ ಉಳಿಸೋಕೆ ನೀನು ತಪ್ಪು ಹೊತ್ಕೋಬೇಡ ಮಗಳೇ. ನನ್ನ ಕೈ ನನಗೆ ಗೊತ್ತಾಗಲ್ವಾ?" ಮಡಿಕೆಯನ್ನು ಹೆಬ್ಬೆರಳಿನಿಂದ ಸವರಿದ. "ಎಷ್ಟು ಜನರ ಗಾಡಿಗೆ ಹೀಗೆ ಮಾಡಿ ಕಳಿಸಿದೀನೋ. ಯಾರ್ಯಾರು ಎಲ್ಲೆಲ್ಲಿ ಕತ್ತಲಲ್ಲಿ ನಿಂತ್ರೋ."

ಅವಳು ಅವನ ಪಕ್ಕದಲ್ಲಿ ಕುಳಿತು, ಹೊಸ ಟೇಪ್ ತೆಗೆದು, ಬೇರೊಂದು ತಂತಿಗೆ ಅವನ ಕಣ್ಣೆದುರಿಗೇ ಸುತ್ತಿ ತೋರಿಸಿದಳು. ನೋಡು ನನಗೂ ಬರುತ್ತೆ, ನೀನೇ ಕಲಿಸಿದ್ದು ಎಂದಳು. ಅತ್ತಳು. ಅಪ್ಪ ತಲೆಯಾಡಿಸಿದ, ಅವಳ ಬೆನ್ನು ಸವರಿದ, ಆದರೆ ಮನಸ್ಸು ಬದಲಿಸಲಿಲ್ಲ. ಆಮೇಲೆ ಟೆಸ್ಟ್ ಲ್ಯಾಂಪಿನ ಬಾಲವನ್ನು ಹಿಡಿಗೆ ಸುತ್ತಿ, ಅವಳ ಮಡಿಲಲ್ಲಿಟ್ಟು, ಬಾಗಿಲು ಹಿಡಿದುಕೊಂಡು ನಿಧಾನವಾಗಿ ಇಳಿದು ಮನೆಯೊಳಗೆ ಹೋದ. ಕೈ ತೊಳೆದುಕೊಂಡು ಊಟಕ್ಕೆ ಕುಳಿತ. ಕಳ್ಳ ಸಿಕ್ಕಿದ್ದನಲ್ಲ.

ಮರುದಿನ ಬೆಳಿಗ್ಗೆ ಗಡ್ಡ ಬೋಳಿಸಲು ಬಂದ ಅಣ್ಣ ಅಂಗಳ ನೋಡಿ ಬೆಚ್ಚಿದ. ಕಿಡಿ ನಡೆದದ್ದನ್ನು ಹೇಳಿದಾಗ ಅವನ ಕೈಯಲ್ಲಿದ್ದ ಸೋಪಿನ ಬಟ್ಟಲು ಹಾಗೆಯೇ ನಿಂತಿತು.

"ಆ ತಂತಿ... ನಾನು ಸಿಕ್ಕಿಸಿದ್ದು" ಎಂದ. "ನಿನ್ನೆ ಅಪ್ಪನ ಟೊಪ್ಪಿಗೆ ಹುಡುಕ್ತಾ ಹಿಂದಿನ ಬಾಗಿಲು ತೆಗೆದೆ. ತಂತಿ ಜೋತಾಡ್ತಿತ್ತು. ಅಪ್ಪ ಕಿತ್ತಿರಬೇಕು ಅಂದ್ಕೊಂಡು ಒತ್ತಿ ಕೂರಿಸಿದೆ. ಕಳ್ಳನ್ನ ನೀನು ಅಷ್ಟು ಬಹಿರಂಗವಾಗಿ ಇಡ್ತೀಯ ಅಂತ ನನಗೇನು ಗೊತ್ತು?"

ಯಾರನ್ನು ಬೈಯುವುದು? ಅವಳು ಕಳ್ಳನನ್ನು ಅಷ್ಟು ಬಹಿರಂಗವಾಗಿ ಇಟ್ಟದ್ದು ಅಪ್ಪ ಗೆಲ್ಲಲಿ ಎಂದು. ಅಣ್ಣ ಸಿಕ್ಕಿಸಿದ್ದು ಅಪ್ಪನ ಗಾಡಿ ಒಪ್ಪವಾಗಿರಲಿ ಎಂದು. "ನಿನ್ನದೇನೂ ತಪ್ಪಿಲ್ಲ, ಹೋಗಣ್ಣ, ಬಸ್ಸಿಗೆ ಹೊತ್ತಾಯ್ತು" ಎಂದಳು ಕಿಡಿ. ಅಣ್ಣ ಅಂದು ಅಪ್ಪನ ಗಡ್ಡ ಬೋಳಿಸುವಾಗ ಗಲ್ಲದ ಮೇಲೆ ಸಣ್ಣ ಗಾಯ ಮಾಡಿದ.

ಆಮೇಲೆ ಅಪ್ಪ ಟೆಸ್ಟ್ ಲ್ಯಾಂಪ್ ಮುಟ್ಟಲಿಲ್ಲ. ಕಿಡಿ ಕೈಗಿಟ್ಟರೆ ಮರ್ಯಾದೆಯಿಂದ ಹಿಂತಿರುಗಿಸುತ್ತಿದ್ದ. ದಿನಾ ಬೆಳಿಗ್ಗೆ ಅವಳು ಅವನ ಪಕ್ಕ ಮಂಡಿಯೂರಿ, "ನೀನೇ ಸರಿ ಅಪ್ಪ. ಅವತ್ತು ಕಳ್ಳ ಇರಲಿಲ್ಲ" ಎನ್ನುತ್ತಿದ್ದಳು. "ಹೌದಾ?" ಎಂದು ಗಿರಾಕಿಗೆ ನಗುವ ಹಾಗೆ ನಗುತ್ತಿದ್ದ. ಒಂದೊಂದಾಗಿ ಎಲ್ಲ ಮರೆಯುತ್ತ ಹೋಯಿತು. ಅಣ್ಣ ಮರೆತುಹೋದ, ಸವತಿಯ ತಮಾಷೆ ಮರೆತುಹೋಯಿತು, ಕಿಡಿ ಎಂಬ ಹೆಸರೂ ಹೋಯಿತು. ಒಂದು ಮಾತ್ರ ಉಳಿಯಿತು. ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಬಂದ ಗಿರಾಕಿಗಳನ್ನು ಹತ್ತಿರ ಕರೆದು ಗುಟ್ಟಾಗಿ ಹೇಳುತ್ತಿದ್ದ: "ಹಿಂದೆ ಇಲ್ಲಿ ಒಬ್ಬ ಮುದುಕ ಇದ್ದ. ಒಳಗೆ ತಂತಿ ಸೇರಿಸದೆ ಮೇಲೆ ಟೇಪ್ ಸುತ್ತಿಬಿಡ್ತಿದ್ದ. ಅವನ ಕೈಗೆ ಗಾಡಿ ಕೊಡಬೇಡಿ." ಗಿರಾಕಿಗಳು ಕಿಡಿಯ ಮುಖ ನೋಡುತ್ತಿದ್ದರು. ಅವಳು ಬಗ್ಗಿ ಯಾವುದೋ ತಂತಿ ಹುಡುಕುತ್ತಿದ್ದಳು.

ವ್ಯಾನನ್ನು ಅವಳು ಬಿಡುವಾದಾಗಲೆಲ್ಲ ಸ್ವಲ್ಪ ಸ್ವಲ್ಪವಾಗಿ ಜೋಡಿಸುತ್ತ ಬಂದಳು. ದೀಪಗಳನ್ನು ಕೂರಿಸಿದಳು, ಫ್ಯೂಸುಗಳನ್ನು ಸೇರಿಸಿದಳು, ಅಪ್ಪ ಬಿಚ್ಚಿದ ಜಾಯಿಂಟುಗಳಿಗೆಲ್ಲ ಹೊಸ ಟೇಪ್ ಸುತ್ತಿದಳು. ಕೊನೆಯಲ್ಲಿ ಉಳಿದದ್ದು ಸ್ಟಾರ್ಟರಿನ ತಂತಿ. ಎರಡು ತುದಿಗಳನ್ನೂ ಹೆರೆದು, ತಿರುಚಿ, ಬೆಸೆದು, ಎಳೆದು ನೋಡಿ, ಟೇಪ್ ಸುತ್ತಿ ತುದಿ ಮಡಚಿದಳು. ಬೇರೆ ರೀತಿಯಲ್ಲಿ ಸುತ್ತಬೇಕೆಂದುಕೊಂಡಿದ್ದಳು, ಆದರೆ ಅವಳ ಕೈಗೆ ಇನ್ನೊಂದು ರೀತಿ ಬರುತ್ತಿರಲಿಲ್ಲ.

ಕೀಲಿ ತಿರುಗಿಸಿದಳು. ಮೊದಲ ಸಲಕ್ಕೇ ಎಂಜಿನ್ ಹೊತ್ತಿಕೊಂಡಿತು. ಮುಂದಿನ ದೀಪ, ಹಿಂದಿನ ದೀಪ, ನಾಲ್ಕು ಮೂಲೆಯ ದೀಪ, ಒಳಗಿನ ದೀಪ ಎಲ್ಲ ಹಾಕಿದಳು, ಹಾರ್ನನ್ನೂ ಒತ್ತಿದಳು. ಅಮ್ಮ ಒಳಗಿನಿಂದ ಓಡಿ ಬಂದು ಬಾಗಿಲಲ್ಲಿ ನಿಂತಳು. ಅಂಗಳದ ನೆರಳಿನಲ್ಲಿ ಕುರ್ಚಿಯ ಮೇಲೆ ಕುಳಿತಿದ್ದ ಅಪ್ಪ ಅಂಗಿಯ ಗುಂಡಿ ತಿರುಗಿಸುವುದನ್ನು ನಿಲ್ಲಿಸಿ ಗಾಡಿಯ ಕಡೆ ನೋಡಿದ. ಕಿಡಿ ಇಳಿದು ಅವನ ಬಳಿಗೆ ಬಂದಳು.

"ಹೇಗಿದೆ?" ಎಂದು ಕೇಳಿದಳು.

ಅಪ್ಪ ತಲೆ ವಾಲಿಸಿ ಎಂಜಿನ್ನಿನ ಸದ್ದು ಕೇಳಿದ. ದೀಪಗಳನ್ನು ಒಂದೊಂದಾಗಿ ನೋಡಿದ. "ಚೆನ್ನಾಗಿದೆಯಮ್ಮ. ಏನೂ ತೊಂದರೆ ಇಲ್ಲ. ಯಾರು ಮಾಡಿದ್ದು?"

"ನೀನೇ ಅಪ್ಪ."

"ನಾನಲ್ಲ, ನನಗೆ ಬರಲ್ಲ" ಎಂದು ಅವನು ಗಾಬರಿಯಿಂದ ಕೈಯಾಡಿಸಿದ. ಆಮೇಲೆ ಅವಳನ್ನು ಹತ್ತಿರ ಬಗ್ಗಲು ಸನ್ನೆ ಮಾಡಿ, ದನಿ ತಗ್ಗಿಸಿ ಹೇಳಿದ: "ಒಳ್ಳೆ ಗಾಡಿ. ಇಲ್ಲೊಬ್ಬ ಮುದುಕ ಇದಾನೆ, ಅವನ ಕೈಗೆ ಮಾತ್ರ ಕೊಡಬೇಡ."

"ಕೊಡಲ್ಲ" ಎಂದಳು ಕಿಡಿ. ಹೋಗಿ ಎಂಜಿನ್ ನಿಲ್ಲಿಸಿದಳು. ದೀಪಗಳನ್ನು ಒಂದೊಂದಾಗಿ ಆರಿಸಿದಳು. ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳಲು ಹೋದವಳು ತಡೆದಳು. ಇನ್ನು ಅದನ್ನು ಬಚ್ಚಿಡುವ ಅಗತ್ಯವಿರಲಿಲ್ಲ. ಗಾಡಿಯಲ್ಲೇ ಬಿಟ್ಟು, ಅಪ್ಪನನ್ನು ಊಟಕ್ಕೆ ಎಬ್ಬಿಸಲು ಹೋದಳು.